ಆರು ಹೆಜ್ಜೆ ಹಾರದವನು

ಅಪ್ಪ,

ನಾನು ತಳ್ಳಲಿಲ್ಲ. ಇನ್ನೊಂದು ಸಲ ಬರೆಯುತ್ತೇನೆ, ತಳ್ಳಲಿಲ್ಲ. ಮೂರು ವಾರದಿಂದ ನೀನು ಬಾಯಿ ಬಿಡದೆ, ಬರೀ ಬೆನ್ನು ತೋರಿಸಿ ಅದನ್ನೇ ಹೇಳುತ್ತಿದ್ದೆ. ಇವತ್ತು ಮಧ್ಯಾಹ್ನ ನಿನ್ನ ಹಿರಿಯ ಶಿಷ್ಯ ಟಾವೊ ಮುಂದೆ ಬಾಯಿ ಬಿಟ್ಟೂ ಹೇಳಿದೆ. "ಹೆತ್ತ ಮಗನೇ ಊರ ಮುಂದೆ ತಳ್ಳಿ ಬೀಳಿಸ್ದ" ಅಂದೆ. ಟಾವೊ ತಲೆ ಅಲ್ಲಾಡಿಸಿ ಲೊಚಗುಟ್ಟಿದ. ತಳ್ಳಿದ ಕೈ ಯಾವುದು, ತಳ್ಳದ ಕೈ ಯಾವುದು ಅಂತ ಈ ಗುವಾಂಗ್‌ಫು ಊರಲ್ಲಿ ನಿನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಗೊತ್ತಿದ್ದೂ ಅಂದೆಯಲ್ಲ, ನನ್ನ ಸಿಟ್ಟು ಅದಕ್ಕೆ. ನಿನ್ನ ಮಣಿಕಟ್ಟು ಮುರಿದದ್ದಕ್ಕೆ ಬೈದಿದ್ದರೆ ಬಾಯಿ ಮುಚ್ಚಿಕೊಂಡು ಬೈಸಿಕೊಳ್ಳುತ್ತಿದ್ದೆ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು, ಸಾಸೇಜ್ ಸುತ್ತುವ ಕಾಗದದ ಮೇಲೆ ಬರೆಯುತ್ತಿದ್ದೇನೆ. ಎಲ್ಲಾದರೂ ಕಲೆ ಕಂಡರೆ ಅದು ಎಳ್ಳೆಣ್ಣೆ, ಕಣ್ಣೀರು ಅಂದುಕೊಳ್ಳಬೇಡ. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟವನ ಅಕ್ಷರ, ಹೇಗಿದೆಯೋ ಹಾಗಿದೆ. ಅಮ್ಮನ ಕೈಲಿ ಓದಿಸಬೇಡ. ಕನ್ನಡಕ ಹಾಕಿಕೊಂಡು ನೀನೇ ಓದು. ಬಲಗೈಗೆ ತಾನೇ ಪಟ್ಟಿ ಹಾಕಿರುವುದು, ಹಾಳೆ ಹಿಡಿಯುವುದಕ್ಕೆ ಎಡಗೈ ಸಾಕು.

ತೈಚಿಯ ಕೈತಳ್ಳಾಟ ನನಗೆ ಕಲಿಸಿದ್ದು ಯಾರು? ಎಂಟು ವರ್ಷದವನನ್ನು ಅಂಗಳದ ಬೋರೆ ಮರದ ಕೆಳಗೆ ನಿಲ್ಲಿಸಿ, ನನ್ನ ಮುಂಗೈಗೆ ನಿನ್ನ ಮುಂಗೈ ತಾಗಿಸಿ, ಸುಮ್ಮನೆ ಸುತ್ತು ಹಾಕಿಸಿದವನು ಯಾರು? ಆಗ ನೀನು ಹೇಳಿದ್ದು ನನಗೆ ಅಕ್ಷರಕ್ಷರ ನೆನಪಿದೆ. "ನಾನು ತಳ್ದಾಗ ತಡೀಬೇಡ. ಓಡ್ಲೂಬೇಡ. ಮನೆಗೆ ನೆಂಟ ಬಂದ ಅಂದ್ಕೊ. ಮುಂಬಾಗ್ಲಲ್ಲಿ ನಿಂತು ಜಗಳ ಆಡ್ತೀಯಾ? ಇಲ್ಲ ತಾನೆ. ಒಳಗೆ ಕರಿ. ಸೊಂಟ ತಿರುಗ್ಸು. ಹಿತ್ಲ ಬಾಗ್ಲಿಂದ ಕಳ್ಸು." ನಾನು ಕೇಳಿದ್ದೆ, "ನೆಂಟ ಹೋಗಲ್ಲ ಅಂದ್ರೆ?" ನೀನು ನಕ್ಕಿದ್ದೆ. "ಅವ್ನು ಬಂದ ಜೋರಲ್ಲೇ ಹೋಗ್ತಾನೆ. ನೀನು ದಾರಿ ಬಿಡು, ಸಾಕು."

ದಾರಿ ಬಿಡುವುದು ನನಗೆ ಬರುತ್ತಿರಲಿಲ್ಲ. ಸಿಟ್ಟಿನಲ್ಲೇ ಹುಟ್ಟಿದವನು ಅಂತ ಅಮ್ಮ ಹೇಳುತ್ತಾಳೆ. ದಿನಕ್ಕೆ ನಾಲ್ಕು ಸಲ ಬೀದಿ ಬಾಗಿಲು ಬಡಿದು ಹೊರಗೆ ಹೋಗುತ್ತಿದ್ದೆ. ತಾತನ ಕಾಲದ ಆ ಬಾಗಿಲು, ಬಡಿದರೆ ಚೌಕಟ್ಟಿಗೆ ಹೊಡೆದು ಹಿಂದಕ್ಕೆ ಬಂದು ಒಂದು ಗೇಣು ತೆರೆದುಕೊಂಡೇ ನಿಲ್ಲುತ್ತಿತ್ತು. ನೀನು ಒಳಗಿಂದ ಕೂಗುತ್ತಿದ್ದೆ, "ಬಡೀಬೇಡ್ವೋ ಕತ್ತೆ, ಅದು ಬಡಿದ್ರೆ ಮುಚ್ಚಲ್ಲ, ಬಡಿದಷ್ಟೂ ತೆರ್ಕೊಳ್ತದೆ." ಬಡಗಿಯನ್ನು ಕರೆಸಿ ಸರಿ ಮಾಡಿಸು ಅಂತ ಅಮ್ಮ ಹೇಳಿದರೆ, "ಬಾಗ್ಲು ಸರಿ ಇದೆ, ಹುಡ್ಗನ್ನ ಸರಿ ಮಾಡ್ಬೇಕು" ಅನ್ನುತ್ತಿದ್ದೆ.

ಸ್ಕೂಲು ಬಿಟ್ಟ ದಿನ ನೆನಪಿದೆಯಾ? ಆ ಮೇಷ್ಟ್ರು ಎಲ್ಲರ ಮುಂದೆ, "ಕತ್ತೆ ಮಾಂಸ ಮಾರೋನ ಮಗ, ಇನ್ನೇನಾಗ್ತಾನೆ" ಅಂದರು. ನಾನು ಡೆಸ್ಕು ಎತ್ತಿ ಹಾಕಿದೆ. ತಪ್ಪಾಯಿತು ಅಂತ ಬರೆದುಕೊಡು ಅಂದರು, ಬರೆಯಲಿಲ್ಲ. ನೀನು ಹೋದೆ, ನನ್ನ ಪುಸ್ತಕದ ಚೀಲ ಮಾತ್ರ ತೆಗೆದುಕೊಂಡು ಬಂದೆ. ನಾನು ಏಟಿಗೆ ಕಾಯುತ್ತಿದ್ದೆ. ನೀನು ಚೀಲವನ್ನು ಬೋರೆ ಮರಕ್ಕೆ ನೇತುಹಾಕಿ, ನನ್ನ ಎದುರು ನಿಂತು, ಮುಂಗೈ ಮುಂದೆ ಮಾಡಿದೆ. "ತಳ್ಳು" ಅಂದೆ.

ತಳ್ಳಿದೆ. ಆಟದ ಹಾಗೆ ಅಲ್ಲ, ಕೊಲ್ಲುವವನ ಹಾಗೆ ತಳ್ಳಿದೆ. ಒಂದು ಗಂಟೆ. ಹಲ್ಲು ಕಚ್ಚಿ, ಅತ್ತು, ಬೈದು, ತಲೆಯಿಂದ ಗುದ್ದಿ ಕೂಡ ತಳ್ಳಿದೆ. ನಿನ್ನ ಪಾದ ಒಂದು ಸಲವೂ ಏಳಲಿಲ್ಲ. ನೀನು ನನ್ನನ್ನು ಒಂದು ಸಲವೂ ಕೆಡವಲಿಲ್ಲ. ನಾನು ಬೀಳುವ ಹಾಗಾದಾಗೆಲ್ಲ ನಿನ್ನ ಕೈ ನನ್ನ ಮೊಣಕೈ ಕೆಳಗೆ ಬಂದು ಎತ್ತಿ ನಿಲ್ಲಿಸಿತು. ಕೊನೆಗೆ ನನ್ನ ಹತ್ತಿರ ತಳ್ಳುವುದಕ್ಕೆ ಏನೂ ಉಳಿಯಲಿಲ್ಲ. ಆಗ ನೀನು, "ಆಯ್ತಾ? ಹೋಗಿ ಕೈ ತೊಳ್ಕೊ. ಕರುಳು ತುಂಬ್ಬೇಕು" ಅಂದೆ.

ಆವತ್ತಿನಿಂದ ಅಂಗಡಿಯಲ್ಲಿ ನಿನ್ನ ಪಕ್ಕ ನಿಂತೆ. ಕೊಚ್ಚಿದ ಮಾಂಸ, ಹೆಸರುಕಾಳಿನ ಹಿಟ್ಟು, ಸಾರು, ಎಳ್ಳೆಣ್ಣೆ ಕಲಸಿ ಕರುಳಿಗೆ ತುಂಬುವಾಗ ನೀನು ಅದೇ ಪಾಠ ಹೇಳಿದೆ. "ಒತ್ಬೇಡ. ಅದು ಎಲ್ಲಿಗೆ ಹೋಗ್ಬೇಕು ಅಂತಿದ್ಯೋ ಅಲ್ಲಿ ಜಾಗ ಮಾಡ್ಕೊಡು." ನಾನು ತುಂಬಿದ್ದು ಹತ್ತಕ್ಕೆ ನಾಲ್ಕು ಒಡೆಯುತ್ತಿತ್ತು. ನಿನ್ನದು ಒಡೆದದ್ದನ್ನು ನಾನು ನೋಡಿಯೇ ಇರಲಿಲ್ಲ.

ಆ ಚಳಿಗಾಲದಲ್ಲಿ ಟಾವೊ ಬಂದ. ಬೋಲ್ಟು ನಟ್ಟಿನ ಕಾರ್ಖಾನೆಯವನು, ಬೆನ್ನು ನೋವು ಅಂತ ಬಂದ. ನಿನ್ನಿಂದ ಬೆನ್ನು ನೆಟ್ಟಗಾಯಿತು. ಆ ಋಣಕ್ಕೆ ಕೋಟೆಯ ತೆಂಕಣ ಬಾಗಿಲ ಒಳಗೆ ನಿನಗೆ ಕೈತಳ್ಳಾಟ ಕಲಿಸಲು ಹಾಲ್ ಕಟ್ಟಿಸಿಕೊಟ್ಟ. ಒಳ್ಳೆಯವನೇ, ನಾನು ಇಲ್ಲ ಅನ್ನುವುದಿಲ್ಲ. ಮೊದಲ ಸಲ ನೀನು ಅವನನ್ನು ಮೆಲ್ಲಗೆ ತಳ್ಳಿದಾಗ ಅವನು ಎರಡು ಹೆಜ್ಜೆ ಹಿಂದೆ ಹಾರಿದ. ಮೋಸ ಮಾಡಬೇಕು ಅಂತಲ್ಲ. ನೆಂಟರ ಮನೆಯಲ್ಲಿ ಊಟ ಉಪ್ಪಾಗಿದ್ದರೂ ಚೆನ್ನಾಗಿದೆ ಅನ್ನುವುದಿಲ್ಲವಾ, ಹಾಗೆ ಹಾರಿದ. ಮಾರನೆಯ ದಿನ ಮೂರು ಹೆಜ್ಜೆ. ಅವನನ್ನು ನೋಡಿ ಎರಡನೆಯವನು ಹಾರಿದ. ಕೆಲವೇ ತಿಂಗಳಲ್ಲಿ ಅದಕ್ಕೊಂದು ಕ್ರಮವೇ ಆಗಿಹೋಯಿತು. ಹಿರಿಯ ಶಿಷ್ಯನಿಗೆ ಎಂಟು ಹೆಜ್ಜೆ, ಎರಡನೆಯವನಿಗೆ ಏಳು, ಉಳಿದವರಿಗೆ ಆರು. ಹಾಲ್ ಹಿಂದೆ ಹಳೇ ರಜಾಯಿ ಹಾಸಿಕೊಂಡು ಹಾರುವುದನ್ನು ಅಭ್ಯಾಸ ಮಾಡುತ್ತಿದ್ದರು, ಅದು ನಿನಗೆ ಗೊತ್ತಿತ್ತೋ ಇಲ್ಲವೋ. ನಾನೊಂದು ಸಲ ಏಳು ಹೆಜ್ಜೆ ಹಾರಿಬಿಟ್ಟೆ. ಟಾವೊ ಪಕ್ಕಕ್ಕೆ ಕರೆದು ಹೇಳಿದ, "ನೋಡು ಷುವೊ, ಮನೇಲಿ ನೀನು ಗುರುಗಳ ಮಗ. ಇಲ್ಲಿ ಏಳನೇ ಶಿಷ್ಯ. ಹಿರೀರಿಗೆ ಸಮವಾಗಿ ಹಾರೋದು ಅಧಿಕಪ್ರಸಂಗ ಆಗ್ತದೆ." ನಾನು ನಗಲಿಲ್ಲ. ಅವನು ತಮಾಷೆ ಮಾಡುತ್ತಿರಲಿಲ್ಲ.

ನಾನೂ ಹಾರಿದೆ ಅಪ್ಪ. ಆರು ವರ್ಷ ಹಾರಿದೆ. ಆ ತಪ್ಪು ನನ್ನದೂ ಹೌದು.

ಲುವಾನ್ ದೊಡ್ಡಪ್ಪ ಒಬ್ಬನೇ ಹಾರಲಿಲ್ಲ. ನೀವಿಬ್ಬರೂ ಒಬ್ಬನೇ ಗುರುವಿನ ಕೈಕೆಳಗೆ ಬೆಳೆದವರು, ಮೂವತ್ತು ವರ್ಷ ದಿನಾ ಬೆಳಿಗ್ಗೆ ಕೋಟೆ ಗೋಡೆ ಮೇಲೆ ಕೈ ಕೂಡಿಸಿದವರು. ನಾಲ್ಕು ವರ್ಷದ ಹಿಂದೆ ಅವನು ಮೀನು ಬುಟ್ಟಿ ಹೊತ್ತುಕೊಂಡು ಹಾಲ್‌ಗೆ ಬಂದ. ಶಿಷ್ಯರೆಲ್ಲ ನೋಡುತ್ತಿದ್ದರು. ನೀನು ತಳ್ಳಿದೆ. ಅವನು ಅಲ್ಲೇ ನಿಂತಿದ್ದ. ಇನ್ನೊಮ್ಮೆ ತಳ್ಳಿದೆ. ಅವನು ನಕ್ಕ. "ಏನಾಯ್ತೋ ನಿಂಗೆ, ಗೋಡೆ ಬಡಿದಂಗೆ ಬಡೀತಿದ್ದೀಯ" ಅಂದ. ನೀನು ಶಿಷ್ಯರ ಕಡೆ ತಿರುಗಿ, "ವಯಸ್ಸಾಯ್ತು, ಮೈ ಬಿಗಿದ್ಕೊಂಡಿದೆ ಪಾಪ" ಅಂದುಬಿಟ್ಟೆ. ಅವನು ಬುಟ್ಟಿ ಎತ್ತಿಕೊಂಡು ಹೋದ. ಆಮೇಲೆ ಅವನ ಹೆಸರು ನಮ್ಮ ಮನೆಯಲ್ಲಿ ಎತ್ತಿದವರಿಲ್ಲ.

ಕಳೆದ ವರ್ಷದಿಂದ ನಿನ್ನ ಕೈಯಲ್ಲಿ ಕರುಳು ಒಡೆಯತೊಡಗಿತು. ನೀನು ಕಸಾಯಿಯವನಿಗೆ ಬೈದೆ. "ಈಗಿನ ಕತ್ತೆಗಳ ಕರುಳೇ ತೆಳು" ಅಂದೆ. ಅದೇ ಕರುಳು, ಅದೇ ಕತ್ತೆ, ನನ್ನ ಕೈಯಲ್ಲಿ ಒಡೆಯುತ್ತಿರಲಿಲ್ಲ. ನೀನು ಅದನ್ನು ನೋಡಿದೆ. ನೋಡಿ, ತುಂಬುವ ಕೆಲಸ ಪೂರ್ತಿ ನನಗೆ ಬಿಟ್ಟು, ಹಾಲ್‌ಗೆ ಬೇಗ ಹೋಗತೊಡಗಿದೆ. 

ಈಗ ಎರಡನೇ ಆರೋಪ, ಹಾಲ್‌ನಲ್ಲಿ ಎಲ್ಲರೂ ಆಡಿಕೊಳ್ಳುತ್ತಿರುವುದು. ಕದ್ದು ಕಲಿತೆ, ಗುರುವಿಗೆ ದ್ರೋಹ ಮಾಡಿದೆ ಅಂತ. ಹೌದು, ಎರಡು ವರ್ಷದಿಂದ ಲುವಾನ್ ದೊಡ್ಡಪ್ಪನ ಹತ್ತಿರ ಹೋಗುತ್ತಿದ್ದೇನೆ. ಮೊದಲ ಸಲ ಅಮ್ಮ ಕೋಟೆ ಹೊರಗಿನ ಕೆರೆಗೆ ಮೀನು ತರಲು ಕಳಿಸಿದ್ದಳು. ಅವನು ದೋಣಿಯಲ್ಲಿ ನಿಂತು ಜೊಂಡು ಕೊಯ್ಯುತ್ತಿದ್ದ. ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಬಾ, ಹತ್ತು. ನಿಮ್ಮಪ್ಪನ ಕೈ ಹೆಂಗಿದೆ ಅಂತ ನಿನ್ನ ಕೈಯಲ್ಲಿ ನೋಡ್ತೀನಿ" ಅಂದ. ಮುಂಗೈ ತಾಗಿಸಿದ. ನಾನು ಅಭ್ಯಾಸ ಬಲದಿಂದ ಹಿಂದೆ ಹಾರಿದೆ. ದೋಣಿಯಲ್ಲಿ ಹಾರುವುದಕ್ಕೆ ಜಾಗ ಎಲ್ಲಿದೆ? ನೇರ ನೀರಿಗೆ ಬಿದ್ದೆ. ಅವನು ಕೋಲು ಚಾಚಿ ಎತ್ತಿದ. "ನಾನಿನ್ನೂ ತಳ್ಳೇ ಇರ್ಲಿಲ್ವಲ್ಲೋ" ಅಂದ.

ಆ ಚಪ್ಪಟೆ ದೋಣಿಯಲ್ಲಿ ತಡೆದರೆ ದೋಣಿ ವಾಲುತ್ತದೆ, ತಳ್ಳಿದರೆ ದೋಣಿ ಜಾರುತ್ತದೆ, ಸುಳ್ಳು ಹೇಳಿದರೆ ಇಬ್ಬರೂ ನೀರಲ್ಲಿ. ಮೊದಲ ಆರು ತಿಂಗಳು ನಾನು ಒದ್ದೆ ಬಟ್ಟೆಯಲ್ಲೇ ಮನೆಗೆ ಬಂದೆ. ಮೀನು ಹಿಡಿಯಲು ಹೋಗಿ ಜಾರಿದೆ ಅಂತ ನಿನಗೆ ಹೇಳಿದೆ. ನೀನು ನಂಬಿದೆ, ಇಲ್ಲಾ ನಂಬಿದ ಹಾಗೆ ಮಾಡಿದೆ.

ಆದರೆ ನಾನು ಅವನ ಶಿಷ್ಯನಾಗಲಿಲ್ಲ. ಇದನ್ನು ಸರಿಯಾಗಿ ಓದು. ಒಂದು ದಿನ ನಾನೇ, ಶಿಷ್ಯನಾಗುವವನು ಗುರುವಿಗೆ ಕೊಡುವ ಟೀ ಲೋಟ ಹಿಡಿದು ಅವನ ಮುಂದೆ ಮಂಡಿಯೂರಲು ಹೋದೆ. ಅವನು ಲೋಟ ಕಿತ್ತುಕೊಂಡು ಟೀ ನೀರಿಗೆ ಚೆಲ್ಲಿದ. "ನಿಂಗೆ ಗುರು ಇದಾನೆ. ಟೀ ಅವ್ನಿಗೆ ಕೊಡು. ನಂಗೆ ಆ ಬುಟ್ಟಿ ಎತ್ಕೊಡು, ಸಾಕು." ನಾನು ಸಿಟ್ಟಿನಿಂದ, "ಅವ್ನ ಕೈ ಕೆಟ್ಟೋಗಿದೆ ದೊಡ್ಡಪ್ಪ" ಅಂದೆ. ಅವನು ಕೋಲು ಹಾಕಿ ದೋಣಿಯನ್ನು ಜೊಂಡಿನ ಕಡೆ ತಿರುಗಿಸಿದ. ಆಮೇಲೆ ಹೇಳಿದ, "ನಿಮ್ಮಪ್ಪನ ಕೈ ಈ ನೀರಿಗಿಂತ ಮೆತ್ತಗಿತ್ತು. ನನ್ನನ್ನ ಎಷ್ಟು ಸಲ ಕೆಡವಿದ್ದಾನೆ ಗೊತ್ತಾ? ಅವ್ನನ್ನ ಕೆಡಿಸ್ದೋರು ಕೆಟ್ಟೋರಲ್ಲ ಕಣೋ, ಮರ್ಯಾದಸ್ಥರು. ದಿನಾ ನೂರು ಜನ ನಿನ್ನ ಮುಂದೆ ಹಾರಿದ್ರೆ ನೀನೂ ಕಿವುಡ ಆಗ್ತೀಯ." ನೀವಿಬ್ಬರೂ ಮಾತು ಬಿಟ್ಟಿದ್ದೀರಲ್ಲ ಅಂದರೆ, "ಮಾತು ಬಿಟ್ಟಿದ್ದೀವಿ. ಗೆಳೆತನ ಬಿಟ್ಟಿದ್ದೀವಿ ಅಂತ ಯಾರು ಹೇಳಿದ್ರು ನಿಂಗೆ?" ಅಂದ.

ಇನ್ನು ಆ ದಿನ. ಒಂಬತ್ತನೇ ತಿಂಗಳ ಒಂಬತ್ತನೇ ದಿನ, ಹಿರಿಯರ ಹಬ್ಬ. ಹಾಲ್ ಮುಂದಿನ ಕಲ್ಲುಕಟ್ಟೆ, ಕೆಳಗೆ ಆ ಎರಡು ಕಲ್ಲಿನ ಸಿಂಹ, ಹಾಂಡಾನ್ ಪಟ್ಟಣದಿಂದ ಬಂದ ಅತಿಥಿಗಳು, ಕ್ಯಾಮೆರಾ. ನೀನು ಬಿಳಿ ರೇಷ್ಮೆ ಅಂಗಿ ಹಾಕಿದ್ದೆ, ಅಮ್ಮ ಇಸ್ತ್ರಿ ಮಾಡಿಕೊಟ್ಟದ್ದು. ಟಾವೊ ಎಂಟು ಹೆಜ್ಜೆ ಹಾರಿದ, ತೊಂಬತ್ತು ಕೆಜಿ ಮನುಷ್ಯ, ಪಾಪ ಏದುಸಿರು ಬಿಟ್ಟ. ಜನ ಚಪ್ಪಾಳೆ ಹೊಡೆದರು. ಒಬ್ಬೊಬ್ಬರೇ ಮುಗಿದು ನನ್ನ ಸರದಿ ಬಂತು. ನಾನು ಕಟ್ಟೆಯ ಅಂಚಿಗೆ ಬೆನ್ನು ಕೊಟ್ಟು ನಿಲ್ಲಬಾರದು ಅಂತ ಪಕ್ಕಕ್ಕೆ ನಿಂತೆ, ಹಾಗಾಗಿ ಅಂಚು ನಿನ್ನ ಎಡಕ್ಕೆ ಬಂತು. ಹಾರುವುದಕ್ಕೆಂದೇ ನಿಂತಿದ್ದೆ. ನಾನು ಬೇರೆ ಏನನ್ನೂ ಯೋಚಿಸಿರಲಿಲ್ಲ, ಇದನ್ನು ಆಣೆ ಮಾಡಿ ಬೇಕಾದರೂ ಹೇಳುತ್ತೇನೆ.

ಮುಂಗೈ ತಾಗಿತು. ಎದುರಿನವನ ಬಲವನ್ನು ಕೈಯಿಂದಲೇ ಕೇಳಿಸಿಕೊಳ್ಳಬೇಕು, ನೀನು ಕೇಳಿಸಿಕೊಳ್ಳಲಿಲ್ಲ. ನಾನು ಎಲ್ಲಿದ್ದೇನೆ, ಭಾರ ಯಾವ ಕಾಲಿನ ಮೇಲಿದೆ, ಏನನ್ನೂ ಕೇಳಿಸಿಕೊಳ್ಳಲಿಲ್ಲ. ಬ್ರೇಕಿಲ್ಲದ ಲಾರಿಯ ಹಾಗೆ ಬಂದೆ. ಆ ಬಲ ನನ್ನ ಎದೆಗೆ ಬರುವಷ್ಟರಲ್ಲಿ ನನ್ನ ಸೊಂಟ ತಾನಾಗಿ ತಿರುಗಿಬಿಟ್ಟಿತ್ತು. ತಲೆ ಹೇಳಲಿಲ್ಲ, ಮೈ ಮಾಡಿತು. ನೆಂಟ ಬಂದ, ಹಿತ್ತಲ ಬಾಗಿಲಿಂದ ಹೋದ. ನೀನು ನನ್ನ ಪಕ್ಕದಿಂದ ಹಾದು ಅಂಚು ದಾಟಿದೆ.

ಈಗ ಯಾರಿಗೂ ಹೇಳದ್ದನ್ನು ಬರೆಯುತ್ತೇನೆ. ನಿನ್ನ ಬಲ ಖಾಲಿಯಲ್ಲಿ ಹೋದದ್ದು ಗೊತ್ತಾದಾಗ, ಕಣ್ಣು ಮಿಟುಕಿಸುವಷ್ಟು ಹೊತ್ತು, ನನಗೆ ಖುಷಿಯಾಯಿತು. ಆರು ವರ್ಷದ್ದೆಲ್ಲ ಸೇರಿ ಖುಷಿಯಾಯಿತು. ಆ ಖುಷಿಗಾಗಿ ನನ್ನನ್ನು ಬೈಯಿ. ಬೈದರೆ ಸರಿ ಇದೆ.

ಇನ್ನೊಂದು. ಬೀಳುವಾಗ ನಿನ್ನ ಬಲಗೈ ನನ್ನ ತೋಳು ಹಿಡಿಯಿತು. ಅಂಗಿ ಬಿಗಿದುಕೊಂಡಿತು. ನಾನು ಒಂಟಿ ಕಾಲ ಮೇಲಿದ್ದೆ. ನೀನು ಹಿಡಿದುಕೊಂಡಿದ್ದರೆ ನಿನಗೆ ಏನೂ ಆಗುತ್ತಿರಲಿಲ್ಲ. ನಾನು ನಿನ್ನ ಮೇಲಿಂದ ಹಾದು ತಲೆ ಕೆಳಗಾಗಿ ಆ ಸಿಂಹದ ಪೀಠಕ್ಕೆ ಹೋಗುತ್ತಿದ್ದೆ. ಆಗ ನಿನ್ನ ಬೆರಳು ಬಿಚ್ಚಿಕೊಂಡವು. ಒಂದೊಂದಾಗಿ ಅಲ್ಲ, ಐದೂ ಒಟ್ಟಿಗೆ, ಮೆತ್ತಗೆ. ಬೀಳುತ್ತಿರುವ ಮನುಷ್ಯ ಸಿಕ್ಕಿದ್ದನ್ನು ಹಿಡಿಯುತ್ತಾನೆ, ಬಿಡುವುದಿಲ್ಲ. ನೀನು ಬಿಟ್ಟೆ. ಅದೇ ಕೈ ಊರಿ ಬಿದ್ದೆ, ಮಣಿಕಟ್ಟು ಮುರಿಯಿತು. ನೀನು ಬಿದ್ದದ್ದನ್ನು ಇಡೀ ಊರು ನೋಡಿತು. ನೀನು ಬಿಟ್ಟದ್ದು ನನ್ನ ತೋಳಿಗೆ ಮಾತ್ರ ಗೊತ್ತು. ಬೋರೆ ಮರದ ಕೆಳಗೆ ನನ್ನನ್ನು ಎತ್ತಿ ನಿಲ್ಲಿಸಿದ ಕೈಯೇ ಅದು. ಕೆಟ್ಟುಹೋಗಿರಲಿಲ್ಲ. ಒಳಗೆಲ್ಲೋ ಇತ್ತು.

ಆಸ್ಪತ್ರೆಯಲ್ಲಿ ಇದನ್ನು ಹೇಳಬೇಕು ಅಂತ ಬಂದೆ. ನೀನು ಗೋಡೆ ಕಡೆ ತಿರುಗಿ ಮಲಗಿದೆ.

ನಿನ್ನೆ ಬೆಳಿಗ್ಗೆ ನಾನು ನಿಮ್ಮಿಬ್ಬರನ್ನೂ ನೋಡಿದೆ. ನಿನಗೆ ಗೊತ್ತಿಲ್ಲ. ಸಾಸೇಜಿಗೆ ಹೊಗೆ ಕೊಡುವ ಹೊಗೆಗೂಡಿಗೆ ಸೌದೆ ಹಾಕುತ್ತಾ ಜಾಲರಿಯ ಸಂದಿಯಿಂದ ನೋಡಿದೆ. ಅಮ್ಮ ಹಿಟ್ಟು ನಾದುತ್ತಿದ್ದವಳು, ನೀನು ಕರೆದೆ ಅಂತ ಹಾಗೇ ಎದ್ದು ಬಂದಳು. ನೀನು ಪಟ್ಟಿ ಹಾಕಿದ ಕೈ ಎದೆಗೆ ಕಟ್ಟಿಕೊಂಡು ಬೋರೆ ಮರದ ಕೆಳಗೆ ನಿಂತಿದ್ದೆ.

"ತಳ್ಳು" ಅಂದೆ.

"ಇದೇನ್ರೀ, ಈ ವಯಸ್ಸಲ್ಲಿ ನಾನೂ ಹಾರ್ಬೇಕಾ?"

"ಹಾರ್ಬೇಡ. ತಳ್ಳು ಅಂದೆ."

"ಜೋರಾಗಾ?"

"ಜೋರಾಗೇ."

ಅಮ್ಮನ ಜೋರು ನಿನಗೆ ಗೊತ್ತಲ್ಲ, ದಿನಾ ಒಂದು ಮೂಟೆ ಹಿಟ್ಟು ನಾದುವ ಕೈ. ನೀನು ಎರಡು ಹೆಜ್ಜೆ ಹಿಂದೆ ಹೋಗಿ ನೀರಿನ ಹಂಡೆಗೆ ಬಡಿದೆ. ಅಮ್ಮ ಹೆದರಿ ಬಾಯಿ ಮೇಲೆ ಕೈ ಇಟ್ಟುಕೊಂಡಳು, ಆಮೇಲೆ ಮೂಗಿನ ತುದಿಗೆಲ್ಲ ಹಿಟ್ಟು ಬಳಿದುಕೊಂಡು ನಕ್ಕಳು. "ಇಪ್ಪತ್ತೆಂಟು ವರ್ಷದಿಂದ ತಳ್ಬೇಕು ಅಂತಿದ್ದೆ ನೋಡಿ" ಅಂದಳು. ನೀನು ನಗಲಿಲ್ಲ. "ಇನ್ನೊಂದ್ಸಲ." ಮತ್ತೆ ಹೋದೆ. ಇನ್ನೊಂದು ಸಲ. ನಾಲ್ಕನೆಯದೋ ಐದನೆಯದೋ, ಅವಳ ಕೈ ನಿನ್ನ ಎದೆ ಮೇಲಿಂದ ಜಾರಿ ಪಕ್ಕಕ್ಕೆ ಹೋಯಿತು, ಅವಳು ನಿನ್ನ ಭುಜಕ್ಕೆ ಒರಗಿದಳು. ನಿನ್ನ ಪಾದ ನಿಂತಲ್ಲೇ ಇತ್ತು. ನೀನು ಕಣ್ಣು ಮುಚ್ಚಿಕೊಂಡೆ. ಅವಳು ಒರಗಿದವಳು ಏಳಲಿಲ್ಲ. ಆಗ ನೀನು ಹೇಳಿದ್ದು ನನಗೆ ಕೇಳಿಸಿತು, "ಆ ಹುಡ್ಗನ ಕೈ ಇತ್ತಲ್ಲ, ಇರ್ಲೇ ಇಲ್ಲ ಕಣೇ. ನಾನು ಹಾಕಿದ ಬಲ ಎಲ್ಲಿಗೆ ಹೋಯ್ತು ಅಂತ ಗೊತ್ತೇ ಆಗ್ಲಿಲ್ಲ. ನಮ್ಮ ಗುರುಗಳ ಕೈ ಹಾಗಿತ್ತು."

"ಹಂಗಂತ ಅವ್ನಿಗೆ ಹೇಳಿ."

ನೀನು ಅವಳನ್ನು ಭುಜದಿಂದ ಮೆಲ್ಲಗೆ ಎತ್ತಿ ನಿಲ್ಲಿಸಿದೆ. ಆಮೇಲೆ, "ಇನ್ನೊಂದ್ಸಲ ತಳ್ಳು" ಅಂದೆ.

ಅಂಗಡಿಗೆ ಬರುವ ಮುಂಚೆ ನೀನು ಅಂಗಿ ಕೊಡವಿಕೊಂಡೆ, ಆದರೂ ಕಾಲರಿನ ಕೆಳಗೆ ಅಮ್ಮನ ಹೆಬ್ಬೆರಳಿನ ಹಿಟ್ಟಿನ ಅಚ್ಚು ಉಳಿದಿತ್ತು. ನಿನ್ನೆ ಇಡೀ ದಿನ ನಾನು ಆ ಬಿಳಿ ಅಚ್ಚನ್ನು ನೋಡಿಕೊಂಡು ಕರುಳು ತುಂಬಿದೆ. ನೀನು ಹೇಳುತ್ತೀಯ, ಇವತ್ತಲ್ಲದಿದ್ದರೆ ನಾಳೆ ಹೇಳುತ್ತೀಯ ಅಂತ ಕಾದೆ.

ನಾಳೆ ಅಂದರೆ ಇವತ್ತು ಬಂತು. ಟಾವೊ ಒಂದು ಪೆಟ್ಟಿಗೆ ಪೇರುಕಾಯಿ ತೆಗೆದುಕೊಂಡು ಬಂದ. ಅವನ ಹತ್ತಿರ ಉಪಾಯ ಇತ್ತು. ನಿನ್ನ ಪಟ್ಟಿ ಬಿಚ್ಚುವವರೆಗೂ ಕಾಯುವುದು ಬೇಡ, ಅದೇ ಕ್ಯಾಮೆರಾದವರನ್ನು ಮತ್ತೆ ಕರೆಸುವುದು, ನಾನು ಟೀ ಹಿಡಿದು ಮಂಡಿಯೂರಿ ತಪ್ಪಾಯಿತು ಅನ್ನುವುದು, ನೀನು ಎಡಗೈ ಒಂದರಲ್ಲೇ ತಳ್ಳುವುದು, ನಾನು ಹಾರುವುದು. "ಒಂದೇ ಕೈಲಿ ತಳ್ಳಿದ್ರೆ ಇನ್ನೂ ಚೆಂದ ಗುರುಗಳೇ. ಹತ್ತು ಹೆಜ್ಜೆ ಹಾರ್ಲಿ. ನನಗಿಂತ ಜಾಸ್ತಿ ಹಾರಿದ್ರೂ ಈ ಸಲ ನಂಗೇನೂ ಬೇಜಾರಿಲ್ಲ." ಅವನು ಅದನ್ನು ಪ್ರೀತಿಯಿಂದಲೇ ಹೇಳಿದ, ಅದೇ ಕಷ್ಟ. ನೀನು ಟೀ ಲೋಟದೊಳಗೆ ನೋಡುತ್ತಾ ಕೂತಿದ್ದೆ. ಹೆತ್ತ ಮಗನೇ ತಳ್ಳಿದ ಅನ್ನುವ ಮಾತು ಆಗಲೇ ಬಂದದ್ದು. ಆಮೇಲೆ, "ಹಾರ್ತಾನೆ ಬಿಡು" ಅಂದೆ.

ಹಾರುವುದಿಲ್ಲ.

ಮೊದಲಿನ ಹಾಗಿದ್ದರೆ ಮೇಜು ಎತ್ತಿ ಹಾಕುತ್ತಿದ್ದೆ. ಇವತ್ತು ಎದ್ದು ಹೋಗಿ ಉಳಿದ ಕರುಳೆಲ್ಲ ತುಂಬಿದೆ. ನಲವತ್ತು ಸರ. ಒಂದೂ ಒಡೆಯಲಿಲ್ಲ, ಬೇಕಾದರೆ ನೋಡು, ಹಗ್ಗದ ಮೇಲೆ ಹಾಕಿದ್ದೇನೆ, ಹೊಗೆ ಕೊಡುವುದು ನಿನ್ನ ಪಾಲು. ನಿನ್ನ ಮಾತನ್ನು ಒಳಗೆ ತೆಗೆದುಕೊಂಡೆ. ಅದು ಎಲ್ಲಿಂದಾದರೂ ಹೊರಗೆ ಹೋಗಬೇಕಲ್ಲ. ಈ ಕಾಗದ ಹಿತ್ತಲ ಬಾಗಿಲು.

ನಾನು ಲುವಾನ್ ದೊಡ್ಡಪ್ಪನ ಗುಡಿಸಲಿಗೆ ಹೋಗುತ್ತಿದ್ದೇನೆ. ದೇಶ ಬಿಟ್ಟು ಹೋಗುತ್ತಿಲ್ಲ, ಕೋಟೆ ಗೋಡೆ ಮೇಲೆ ನಿಂತರೆ ನಿನಗೆ ಅದರ ಸೂರು ಕಾಣುತ್ತದೆ. ಜೊಂಡು ಕೊಯ್ಯುವ ಕಾಲ, ಅವನಿಗೆ ಕೈ ಬೇಕು. ಅಮ್ಮನಿಗೆ ನಾನೇ ಹೇಳಿದ್ದೇನೆ. ಅವಳು ಅಳಲಿಲ್ಲ. ಬಿಸಿ ಬನ್ನು ಕಟ್ಟಿಕೊಟ್ಟು, ಆ ಮುದುಕನ ಪಾಲಿಗೆ ಇನ್ನೆರಡು ಹಾಕಿದಳು. ಟಾವೊಗೆ ಏನು ಹೇಳುತ್ತೀಯೋ ನಿನಗೆ ಬಿಟ್ಟದ್ದು. ಹುಡುಗ ಓಡಿಹೋದ ಅನ್ನು, ದ್ರೋಹಿ ಅನ್ನು. ಆದರೆ ಸತ್ಯ ಹೇಳಿದರೂ ಆ ಮನುಷ್ಯ ನಿನ್ನನ್ನು ಬಿಟ್ಟು ಹೋಗಲಾರ ಅಂತ ನನಗನ್ನಿಸುತ್ತದೆ. ಆರು ವರ್ಷ ಹಾರಿ ಹಾರಿ ಅವನಿಗೂ ಸಾಕಾಗಿದೆ. ಅವನ ಬೆನ್ನು ನೀನು ನಿಜವಾಗಿಯೇ ಸರಿ ಮಾಡಿದ್ದು, ಅದರಲ್ಲಿ ಸುಳ್ಳಿರಲಿಲ್ಲ. ಅವನನ್ನು ಒಂದು ಸಲ ನೆಲದ ಮೇಲೆ ನಿಲ್ಲಲು ಬಿಟ್ಟು ನೋಡು.

ಇನ್ನು ಮೂರು ವಾರಕ್ಕೆ ನಿನ್ನ ಪಟ್ಟಿ ಬಿಚ್ಚುತ್ತಾರೆ. ನೀರು ಹೆಪ್ಪುಗಟ್ಟುವುದಕ್ಕೆ ಆಮೇಲೂ ಸ್ವಲ್ಪ ದಿನ ಉಳಿದಿರುತ್ತದೆ. ಮೂಡಣ ಬಾಗಿಲ ಕೆಳಗಿನ ದೋಣಿಕಟ್ಟೆಗೆ ಬಾ. ಬೆಳಿಗ್ಗೆ ಬಾ, ಒಬ್ಬನೇ ಬಾ, ರೇಷ್ಮೆ ಅಂಗಿ ಬೇಡ. ದೊಡ್ಡಪ್ಪನನ್ನು ಕೇಳಿದ್ದೇನೆ. "ದೋಣೀಲಿ ಮೂರು ಜನಕ್ಕೆ ಜಾಗ ಇದೆ. ಅವ್ನು ಬಂದ್ರೆ ನಾನೇನು ಕೋಲು ಎತ್ಕೊಂಡು ಓಡಿಸ್ತೀನಾ? ಒಣ ಬಟ್ಟೆ ತರೋಕೆ ಹೇಳು" ಅಂದ. ಬಲಗೈ ಬೇಡ, ಎಡಗೈ ಸಾಕು. ಮುಂಗೈಗೆ ಮುಂಗೈ ತಾಗಿಸೋಣ. ನಾನು ಹಾರುವುದಿಲ್ಲ. ನೀನು ತಳ್ಳಿದರೆ ನಾನು ನಿಜವಾಗಿ ಕೇಳಿಸಿಕೊಳ್ಳುತ್ತೇನೆ, ನಾನು ತಳ್ಳಿದರೆ ನೀನೂ ಕೇಳಿಸಿಕೊ. ಯಾರೋ ಒಬ್ಬರು ನೀರಿಗೆ ಬೀಳುತ್ತೇವೆ. ನಾನೇ ಬಿದ್ದರೆ, ನೀನು ನಿಜವಾಗಿ ಕೆಡವಿ ಬಿದ್ದರೆ, ಆ ತಣ್ಣೀರಲ್ಲಿ ಕುತ್ತಿಗೆವರೆಗೆ ನಿಂತು ನಿನ್ನನ್ನು ಗುರುಗಳೇ ಅಂತ ಕರೆಯುತ್ತೇನೆ. ದೊಡ್ಡಪ್ಪ ಚೆಲ್ಲಿದ ಆ ಟೀ ಇನ್ನೂ ನಿನ್ನ ಪಾಲಿನದೇ. ಕೆಟಲ್ ದೋಣಿಯಲ್ಲೇ ಇರುತ್ತದೆ.

ನೀನು ಈಗ ಹಿತ್ತಲಲ್ಲಿ ಹೊಗೆಗೂಡಿನ ಹತ್ತಿರ ಕೂತಿದ್ದೀಯ. ಕೆಮ್ಮುವುದು ಕೇಳಿಸುತ್ತಿದೆ. ಟಾವೊನ ಪೇರುಕಾಯಿ ಒಂದು ಎತ್ತಿಕೊಂಡಿದ್ದೇನೆ, ಪೇರುಕಾಯಿಯ ಮೇಲೆ ನನಗೇನೂ ಸಿಟ್ಟಿಲ್ಲ. ಇದನ್ನು ಮಡಿಸಿ ಮಾಂ‍ಸ ಕೊಚ್ಚುವ ಹಲಗೆ ಕೆಳಗೆ ಇಡುತ್ತೇನೆ, ನೀನು ಮೊದಲು ಕೈ ಹಾಕುವುದು ಅಲ್ಲಿಗೇ.

ಬೀದಿ ಬಾಗಿಲನ್ನು ಮೆಲ್ಲಗೆ ಎಳೆದರೆ ಅಗುಳಿ ತಾನಾಗಿ ಬೀಳುತ್ತದೆ ಅಂತ ನನಗೆ ಗೊತ್ತು. ಎಂಟು ವರ್ಷದಿಂದ ಗೊತ್ತು ಅಲ್ಲ, ಎಂಟನೇ ವಯಸ್ಸಿನಿಂದ ಗೊತ್ತು. ಆದರೂ ಇವತ್ತು ಬಡಿದೇ ಹೋಗುತ್ತೇನೆ, ಇದ್ದ ಬಲವೆಲ್ಲ ಹಾಕಿ, ಹೊಗೆಗೂಡಿನವರೆಗೂ ಕೇಳಿಸುವ ಹಾಗೆ. ಸದ್ದು ಕೇಳಿದ ಮೇಲೆ ಎದ್ದು ಬಂದು ಮುಚ್ಚಬೇಡ. ಹೇಗೆ ನಿಲ್ಲುತ್ತದೋ ಹಾಗೇ ಇರಲಿ.

ಎದ್ದೆ. ಮೂಳೆ ನೆಟ್ಟಗೆ ಕೂಡಲಿ ಅಪ್ಪ.

ನಿನ್ನ ಏಳನೇ ಶಿಷ್ಯ, ಒಬ್ಬನೇ ಮಗ,
ಷುವೊ